ಕೊಳೆತ ಟೊಮೆಟೊ ತಂದವರಿಗೆ ಕುರ್ಚಿ

ಹೊಸ ಸಂಯೋಜಕರು ಕೆಲಸಕ್ಕೆ ಹಾಜರಾಗಬೇಕಿದ್ದ ಶನಿವಾರ ಬೆಳಿಗ್ಗೆ ಹಳ್ಳಿಯ ಕೃಷಿ ಕಚೇರಿಯ ಗೇಟಿನ ತನಕ ಬಂದು, ಜೀಪಿನಿಂದ ಇಳಿಯದೆ ಹಿಂದಿರುಗಿದರು. ಅಂಗಳದಲ್ಲಿ ಹದಿನೆಂಟು ಮಂದಿ ಹುಡುಗ ಹುಡುಗಿಯರು ಸಾಲಾಗಿ ನಿಂತಿದ್ದರು, ಒಬ್ಬೊಬ್ಬರ ಕೈಯಲ್ಲೂ ಕೊಳೆತ ತರಕಾರಿ ಇತ್ತು. ಟೊಮೆಟೊ ಹಿಡಿದವರು ಐದು ಜನ. ಅವರ ಮುಂದೆ ತೋಳು ಮಡಚಿಕೊಂಡ ಐವತ್ತರ ಹೆಂಗಸೊಬ್ಬಳು, "ಎಲ್ರೂ ಮೇಲೆತ್ತಿ ಹಿಡೀರಿ! ಹೊಸ ಸಾಹೇಬ್ರಿಗೆ ಚೆನ್ನಾಗಿ ಕಾಣ್ಬೇಕು!" ಎಂದು ಕೂಗುತ್ತಿದ್ದಳು.

ಸಂಯೋಜಕರು ಸೀಟಿನಲ್ಲಿ ಕೆಳಕ್ಕೆ ಜಾರಿದರು.

"ಜೀಪು ತಿರುಗಿಸಪ್ಪ."

"ಯಾಕ್ ಸಾರ್?" ಎಂದ ಡ್ರೈವರ್.

"ಕಾಣ್ತಿಲ್ವಾ? ಪ್ರತಿಭಟನೆ. ನನ್ನ ವಿರುದ್ಧ."

"ನೀವಿನ್ನೂ ಏನೂ ಮಾಡೇ ಇಲ್ವಲ್ಲ ಸಾರ್!"

ದೊಡ್ಡವರಿಗೆ ಶತ್ರುಗಳು ಮೊದಲೇ ಹುಟ್ಟಿಕೊಂಡಿರುತ್ತಾರೆ ಎಂದು ಸಂಯೋಜಕರಿಗೆ ಒಳಗೊಳಗೇ ಒಂದು ಹೆಮ್ಮೆಯೂ ಆಯಿತು. ಬಸ್ ನಿಲ್ದಾಣದ ಪಕ್ಕದ ಚಹಾ ಅಂಗಡಿಯಲ್ಲಿ ಎರಡು ಗಂಟೆ ಕೂತು, ನಾಲ್ಕು ಲೋಟ ಚಹಾ ಕುಡಿದು, "ಸಂಘರ್ಷ ನಿರ್ವಹಣೆ: ಪ್ರಾಥಮಿಕ ಹೆಜ್ಜೆಗಳು" ಎಂದು ಡೈರಿಯಲ್ಲಿ ಒಂದು ತಲೆಬರಹ ಬರೆದರು. ಹೆಜ್ಜೆಗಳು ಹೊಳೆಯಲಿಲ್ಲ. ಕೊನೆಗೆ ಡ್ರೈವರನಿಗೇ ಪಾಪ ಅನಿಸಿ ವಿಷಯ ಬಿಡಿಸಿ ಹೇಳಿದ.

ಆ ಹೆಂಗಸು ಕಚೇರಿಯ ಕ್ಷೇತ್ರ ಸಹಾಯಕಿ, ಎಲ್ಲರ ಬಾಯಲ್ಲಿ ಮಣ್ಣಕ್ಕ. ಆ ಮಕ್ಕಳು ಕಚೇರಿ ನಡೆಸುವ ಯುವ ಕೃಷಿ ಕ್ಲಬ್ಬಿನ ಸದಸ್ಯರು; ಹದಿನಾಲ್ಕರಿಂದ ಇಪ್ಪತ್ತರ ಒಳಗಿನವರು, ಸುತ್ತಲಿನ ನಾಲ್ಕು ಹಳ್ಳಿಯವರು. ಕಚೇರಿಯ ಹಿಂದಿನ ಜಮೀನಿನಲ್ಲಿ ಒಬ್ಬೊಬ್ಬರಿಗೂ ಎರಡು ಮಂಚ ಹಿಡಿಯುವಷ್ಟು ಜಾಗ. ಏನು ಬೇಕಾದರೂ ಬೆಳೆಯಬಹುದು. ಆದರೆ ಪ್ರತಿ ಶನಿವಾರ, ತಮ್ಮ ಜಾಗದಲ್ಲಿ ಅತ್ಯಂತ ಕೆಟ್ಟು ಹೋದದ್ದು ಯಾವುದೋ ಅದನ್ನು ಕಿತ್ತು ತರಬೇಕು. ಚೆನ್ನಾಗಿ ಬಂದದ್ದನ್ನು ಮನೆಗೆ ಒಯ್ದು ಸಾರು ಮಾಡಿಕೊಳ್ಳಲಿ, ಅದನ್ನು ನೋಡುವುದೇನಿದೆ ಎಂಬುದು ಮಣ್ಣಕ್ಕನ ವಾದ. ಯಾರದು ಎಲ್ಲಕ್ಕಿಂತ ಹಾಳಾಗಿದೆಯೋ ಅವರಿಗೆ ಕುರ್ಚಿ. ಉಳಿದವರು ನೆಲದಲ್ಲಿ. ಕುರ್ಚಿಯಲ್ಲಿ ಕೂತವರು ಮೂರು ಮಾತು ಹೇಳಬೇಕು: ನಾನೇನು ಮಾಡಿದೆ, ಏನಾಯಿತು, ಯಾಕಾಯಿತು.

"ಆ ಕುರ್ಚಿ ಯಾರದು?" ಎಂದು ಸಂಯೋಜಕರು ಕೇಳಿದರು.

"ಕಚೇರೀಲಿ ಇರೋದೇ ಒಂದು ಸಾರ್," ಎಂದ ಡ್ರೈವರ್. "ನಿಮ್ಮದೇ."

ಸಂಯೋಜಕರಿಗೆ ಮೂವತ್ತೊಂದು ವರ್ಷ. ಎರಡು ಪದವಿ. ಗ್ರಾಮೀಣ ಯುವಜನರ ಸಹಭಾಗಿತ್ವದ ಕುರಿತು ಅವರು ಬರೆದ ಪ್ರಬಂಧದಲ್ಲಿ ನಾಲ್ಕು ಮಾದರಿಗಳಿದ್ದವು. ನಾಲ್ಕರಲ್ಲೂ ಬಾಣದ ಗುರುತುಗಳಿದ್ದವು, ಒಂದರಲ್ಲೂ ಕೊಳೆತ ಟೊಮೆಟೊ ಇರಲಿಲ್ಲ. ಆದ್ದರಿಂದ ಮೊದಲ ಎರಡು ಶನಿವಾರ ಅವರು ಗೋಡೆಗೊರಗಿ, ಕೈಕಟ್ಟಿ ನಿಂತು, ತಮ್ಮ ಕುರ್ಚಿಯಲ್ಲಿ ಒಮ್ಮೆ ಗಿಡ್ಡ ಜೋಳದ ಹುಡುಗನೂ ಇನ್ನೊಮ್ಮೆ ಬೇರು ಕೊಳೆತ ಮೆಣಸಿನ ಗಿಡದ ಅಕ್ಕ ತಂಗಿಯರೂ ಮಹಾರಾಜರ ಹಾಗೆ ಕೂತದ್ದನ್ನು ನೋಡುತ್ತ ಸಹಿಸಿಕೊಂಡರು.

ಈ ಪದ್ಧತಿ ಎಲ್ಲಿಂದ ಬಂತು ಎಂದು ಅವರು ಕೇಳಲಿಲ್ಲ. ಕೇಳುವುದಕ್ಕೆ ಮೊದಲೇ ಮಣ್ಣಕ್ಕ ಹೇಳಿದಳು.

ಹತ್ತೊಂಬತ್ತನೇ ವಯಸ್ಸಿಗೆ ಅವಳು ಇಲ್ಲಿ ಕಸ ಗುಡಿಸಲು ಸೇರಿದ್ದು. ಆಗ ಇದು ಬೀಜದ ಉಗ್ರಾಣ. ಅಂದಿನ ಸಾಹೇಬರು ಒಮ್ಮೆ ಊರ ಹೆಂಗಸರನ್ನೆಲ್ಲ ಕೂರಿಸಿ, ಹುರುಳಿಕಾಯಿ ಬೀಜ ಊರುವುದು ಹೇಗೆಂದು ಕಪ್ಪು ಹಲಗೆಯ ಮೇಲೆ ಚಿತ್ರ ಬರೆದರು. ಹಿಂದೆ ಕೂತವರಿಗೂ ಕಾಣಲಿ ಎಂದು ಬೀಜವನ್ನು ಕುಂಬಳಕಾಯಿಯಷ್ಟು ದಪ್ಪ ಬರೆದರು, ಅದರ ಮೇಲೆ ಒಂದು ಮೊಳ ಮಣ್ಣು ಬರೆದರು. ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಹುಡುಗಿ ಅದನ್ನು ಭಕ್ತಿಯಿಂದ ನೋಡಿ, ಮನೆಗೆ ಹೋಗಿ, ಅಳೆದು ಒಂದು ಮೊಳ ಆಳಕ್ಕೆ ಬೀಜ ಹೂತಳು. ಒಂದೂ ಮೊಳೆಯಲಿಲ್ಲ. ಅವಳದಷ್ಟೇ ಅಲ್ಲ, ಅಂದು ಕೂತಿದ್ದ ಏಳು ಮನೆಯವರದೂ ಮೊಳೆಯಲಿಲ್ಲ. ಸಾಹೇಬರು, "ಈ ಜನಕ್ಕೆ ಎಷ್ಟು ಹೇಳಿದ್ರೂ ಕೇಳಲ್ಲ" ಎಂದು ವರದಿ ಬರೆದರು.

"ನಾವು ಕೇಳಿದ್ದೇ ತಪ್ಪಾಗಿತ್ತು ಸಾರ್," ಎಂದಳು ಮಣ್ಣಕ್ಕ. "ಹೂತ ಬೀಜ ಅಗೆದು ತಂದು ಅವರ ಮೇಜಿನ ಮೇಲಿಟ್ಟೆ. ನೀವು ಬರೆದಿದ್ದು ಹಿಂಗೇ ಅಲ್ವಾ ಅಂದೆ. ಅವರು ಹಲಗೆ ನೋಡಿದ್ರು, ಬೀಜ ನೋಡಿದ್ರು, ನನ್ನ ನೋಡಿದ್ರು. ಆಮೇಲೆ ಚಿತ್ರ ಬರೆಯೋದೇ ಬಿಟ್ರು. ಹೊಲಕ್ಕೆ ಬಂದು ಬೆರಳಲ್ಲೇ ತೋರಿಸೋಕೆ ಶುರು ಮಾಡಿದ್ರು. ಪಾಪ, ಒಳ್ಳೇ ಮನುಷ್ಯ."

ಅಂದಿನಿಂದ ಅವಳಿಗೆ ಇದೇ ಚಟ. ಯಾರ ಹೊಲದಲ್ಲಿ ಏನು ಕೆಟ್ಟರೂ ಒಂದು ಡಬ್ಬಿಯಲ್ಲಿ ಅಲ್ಲಿನ ಮಣ್ಣು ತುಂಬಿ ಮನೆಗೆ ತರುತ್ತಿದ್ದಳು. ಕಿಟಕಿ, ಕಪಾಟು, ಮಂಚದ ಕೆಳಗು ಎಲ್ಲ ಡಬ್ಬಿ. "ಊರವರ ಸೊಸೆಯಂದ್ರು ಆಫೀಸಿಂದ ಸಂಬಳ ತರ್ತಾರೆ, ನಮ್ಮೋಳು ಮಣ್ಣು ತರ್ತಾಳೆ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದಳು. ನೀರಿನ ಪಂಪು ರಿಪೇರಿ ಮಾಡುವ ಗಂಡ ಮಾತ್ರ ತುಟಿ ಬಿಚ್ಚದೆ, ಡಬ್ಬಿಗಳಿಗೆಂದೇ ಹಳೆಯ ಪೈಪು ಕೊಯ್ದು ಒಂದು ಕಪಾಟು ಮಾಡಿಕೊಟ್ಟ. ಆ ಮನೆಯಲ್ಲಿ ಪ್ರೀತಿ ಎಂದರೆ ಅಷ್ಟೇ, ಅದಕ್ಕಿಂತ ಹೆಚ್ಚಿನ ಮಾತುಕತೆ ನಡೆದ ದಾಖಲೆಯಿಲ್ಲ. ದೂರಶಿಕ್ಷಣದಲ್ಲಿ ಪರೀಕ್ಷೆ ಕಟ್ಟಿ, ಎರಡು ಸಲ ಫೇಲಾಗಿ, ಮೂರನೆಯದಕ್ಕೆ ಪಾಸಾಗಿ ಅವಳು ಕ್ಷೇತ್ರ ಸಹಾಯಕಿಯಾದಳು. ಕ್ಲಬ್ ಕಟ್ಟಿ ಈಗ ಒಂಬತ್ತು ವರ್ಷ.

ಮೂರನೆಯ ವಾರ ಮೇಲಿನ ಕಚೇರಿಯಿಂದ ಪತ್ರ ಬಂತು. ಕ್ಲಬ್ಬಿನ ಸಾಧನೆ ನೋಡಲು ಮುಂದಿನ ಶನಿವಾರ ಮೌಲ್ಯಮಾಪಕರು ಬರುತ್ತಾರೆ. ತೃಪ್ತಿಕರವಾಗಿಲ್ಲದಿದ್ದರೆ ಕ್ಲಬ್ಬನ್ನು ಪಟ್ಟಣದ ಕೇಂದ್ರದೊಂದಿಗೆ ವಿಲೀನ ಮಾಡಲಾಗುವುದು. ಪಟ್ಟಣ ನಲವತ್ತು ಕಿಲೋಮೀಟರು. ಬಸ್ಸು ದಿನಕ್ಕೆ ಎರಡು. ವಿಲೀನ ಎಂದರೆ ಮುಚ್ಚುವುದು ಎಂದು ತಿಳಿಯಲು ಯಾರಿಗೂ ಪದವಿ ಬೇಕಿರಲಿಲ್ಲ.

"ಮುಚ್ಚಿದ್ರೆ ನಾವೆಲ್ಲಿ ಹೋಗೋದು?" ಎಂದು ಕೇಳಿದವಳು ಹದಿನಾರರ ಒಬ್ಬ ಹುಡುಗಿ. ಮಾತಿಗೊಮ್ಮೆ 'ಯಾಕೆ' ಎನ್ನುವವಳಾದ್ದರಿಂದ ಅವಳಿಗೆ ಯಾಕವ್ವ ಎಂದೇ ಹೆಸರು. ಶಾಲೆ ಬಿಟ್ಟು ಎರಡು ವರ್ಷವಾಗಿತ್ತು. ಮನೆಯಿಂದ ಹೊರಗೆ ಅವಳದು ಎನ್ನುವ ಜಾಗ ಭೂಮಿಯ ಮೇಲೆ ಆ ಎರಡು ಮಂಚದಷ್ಟೇ. ಮಣ್ಣಕ್ಕ ಪತ್ರ ಮಡಚಿಟ್ಟು, ಗುದ್ದಲಿ ಹಿಡಿದು ಹೊಲಕ್ಕೆ ನಡೆದಳು.

ಸಂಯೋಜಕರು ಕೆಟ್ಟ ಮನುಷ್ಯರಲ್ಲ. ಓದಿದವರು, ಅಷ್ಟೇ. ಬರುವವರಿಗೆ ಹುಳುಕು ತೋರಿಸಿದರೆ ಕೆಲಸ ಕೆಟ್ಟಿತು, ಈ ಕ್ಲಬ್ಬನ್ನು ಉಳಿಸುವ ಹೊಣೆ ತಮ್ಮ ಹೆಗಲ ಮೇಲೇ ಬಿದ್ದಿದೆ ಎಂದು ಅವರಿಗೆ ಖಾತ್ರಿಯಾಯಿತು. ಶುಕ್ರವಾರ ಡ್ರೈವರನನ್ನು ಕರೆದುಕೊಂಡು ಪಟ್ಟಣದ ಮಾರುಕಟ್ಟೆಗೆ ಹೋಗಿ, ಮಗುವಿನ ತಲೆಯಂತೆ ನುಣ್ಣಗಿದ್ದ ಎಲೆಕೋಸು, ಹೊಳೆಯುವ ಬದನೆ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಟೊಮೆಟೊ ತಂದರು. ಶನಿವಾರ ಬೆಳಿಗ್ಗೆ ಅವನ್ನು ಬೆಂಚಿನ ಮೇಲೆ ಜೋಡಿಸಿ, ತಮ್ಮ ಮುತ್ತಿನಂಥ ಅಕ್ಷರದಲ್ಲಿ ಒಬ್ಬೊಬ್ಬ ಸದಸ್ಯರ ಹೆಸರಿನ ಚೀಟಿ ಅಂಟಿಸಿದರು. ಮಕ್ಕಳು ಕಿತ್ತು ತಂದದ್ದೆಲ್ಲ ಹಿಂದುಗಡೆ ಗೋಣಿಯ ಕೆಳಗೆ ಹೋಯಿತು.

ಮಣ್ಣಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಬೆಂಚು ನಿಮ್ಮದು ಸಾರ್, ನಿಮ್ಮಿಷ್ಟ. ಮಕ್ಕಳ ಹತ್ರ ಮಾತ್ರ ಸುಳ್ಳು ಹೇಳಿಸ್ಬೇಡಿ. ಅವಕ್ಕೆ ಬರಲ್ಲ, ನಾನು ಕಲಿಸಿಲ್ಲ."

"ಯಾರೂ ಏನೂ ಹೇಳ್ಬೇಕಾಗಿಲ್ಲ ಅಕ್ಕ. ತರಕಾರಿಯೇ ಮಾತಾಡುತ್ತೆ."

"ಅದೇ ನನಗೂ ಭಯ," ಎಂದಳು ಮಣ್ಣಕ್ಕ.

ಮೌಲ್ಯಮಾಪಕಿ ಹನ್ನೊಂದಕ್ಕೆ ಬಂದರು. ಅರವತ್ತು ದಾಟಿದ, ದಪ್ಪ ಕನ್ನಡಕದ, ನಗುವನ್ನು ಮನೆಯಲ್ಲೇ ಬಿಟ್ಟು ಬಂದಂಥ ಹೆಂಗಸು. ಸಂಯೋಜಕರ ಸ್ವಾಗತ ಭಾಷಣ ಎರಡನೇ ವಾಕ್ಯದಲ್ಲಿರುವಾಗಲೇ ಅವರು ಬೆಂಚಿನ ಬಳಿ ಹೋಗಿ ಎಲೆಕೋಸೊಂದನ್ನು ಕೈಗೆತ್ತಿಕೊಂಡು, ಚೀಟಿ ಓದಿ, ಯಾಕವ್ವನನ್ನು ಕರೆದರು.

"ಇದು ನೀನು ಬೆಳೆದದ್ದಾ?"

ಸಂಯೋಜಕರು ಭಾಷಣದ ಹಾಳೆ ಮಡಚಿದರು.

"ಇಲ್ಲ ಮೇಡಂ. ಚೀಟಿ ನಂದು. ಕೋಸು ಯಾರದೋ." ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಎರಡು ವರ್ಷದ ಶನಿವಾರಗಳು ಬಾಯಿ ಸುಮ್ಮನಿರಲು ಬಿಡಬೇಕಲ್ಲ! ಅವಳು ಕೋಸನ್ನು ತಿರುಗಿಸಿದಳು. "ಕಾಂಡ ಕೊಯ್ದಲ್ಲಿ ಕಪ್ಪಾಗಿದೆ ನೋಡಿ, ನಾಲ್ಕು ದಿನ ಆಗಿದೆ. ಬಾಡಿದ ಎಲೆ ಕಾಣಬಾರ್ದು ಅಂತ ಮೇಲಿನ ಮೂರು ಪದರ ಸುಲಿದಿದಾರೆ. ಸಂದಿಯಲ್ಲಿ ಬಿಳಿ ಪುಡಿ ಇದೆ, ಔಷಧಿ ಹೊಡೆದು ಕಾಯದೇ ಕಿತ್ತಿದಾರೆ. ಒಂದೂ ತೂತಿಲ್ಲ. ಯಾಕೆ? ಹುಳಕ್ಕೂ ಬೇಡವಾಗಿದೆ."

"ನಿನ್ನದೆಲ್ಲಿ?"

"ಹಿಂದೆ. ಗೋಣಿ ಕೆಳಗೆ."

ಎಲ್ಲರೂ ಮೆರವಣಿಗೆಯ ಹಾಗೆ ಹಿಂದುಗಡೆ ಹೋದರು. ಕೊನೆಯಲ್ಲಿ ಸಂಯೋಜಕರು, ಇಂಗು ತಿಂದ ಮಂಗನ ಮುಖ ಹೊತ್ತು. ಯಾಕವ್ವ ಗೋಣಿ ಸರಿಸಿ, ಗಡ್ಡೆಯೇ ಕಟ್ಟದೆ ಬರೀ ಎಲೆ ಚೆಲ್ಲಿಕೊಂಡ ತನ್ನ ಕೋಸನ್ನು ಎತ್ತಿದಳು.

"ನೀರಿನ ನಲ್ಲಿ ಹತ್ರ ಅಂತ ಗೋಡೆ ನೆರಳಲ್ಲಿ ನೆಟ್ಟೆ ಮೇಡಂ. ಸೋಮಾರಿತನ. ಬಿಸಿಲಿಲ್ಲದೆ ಗಡ್ಡೆ ಕಟ್ಟಲಿಲ್ಲ. ಎರಡು ತಿಂಗಳ ಹಿಂದೆ ಇದರ ಜೊತೆದೊಂದನ್ನ ಕಿತ್ತು ಮನೇಲಿ ತೋರಿಸ್ದೆ. ಅಪ್ಪನೂ ಮರದ ಕೆಳಗೇ ಸಸಿ ಹಾಕ್ತಿದ್ರು. ಕಿತ್ತು ಬಯಲಿಗೆ ಹಾಕಿದ್ರು. ನಂದು ಕಟ್ಟಲಿಲ್ಲ, ಅವರದು ಕಟ್ಟಿದೆ. ಬನ್ನಿ ಬೇಕಾದ್ರೆ, ಹತ್ತು ನಿಮಿಷದ ದಾರಿ."

ಮೌಲ್ಯಮಾಪಕಿ ಮೇಲಿಂದ ಕೆಳಗೆ ಅವಳನ್ನು ನೋಡಿದರು. ಆಮೇಲೆ ಒಂದೊಂದೇ ಕೊಳೆತದ್ದನ್ನು ಎತ್ತಿಸಿ, ಒಬ್ಬೊಬ್ಬರನ್ನೂ ಮಾತಾಡಿಸಿದರು. ಗಿಡ್ಡ ಜೋಳ ನೋಡಿ ಆ ಹುಡುಗನ ಚಿಕ್ಕಪ್ಪ ಸಾಲುಗಳ ಅಂತರ ಹೆಚ್ಚಿಸಿದ್ದು, ಕೊಳೆತ ಮೆಣಸಿನ ಬೇರು ನೋಡಿ ಪಕ್ಕದ ಮನೆಯವರು ನೀರು ಹರಿದು ಹೋಗಲು ಕಾಲುವೆ ತೋಡಿದ್ದು, ಎಲ್ಲ ಹೊರಬಂತು. ಒಂದೂವರೆ ಗಂಟೆ ಹಿಡಿಯಿತು. ಕೊನೆಗೆ ಅವರು ಒಳಗೆ ಬಂದು, ಬೆಂಚಿನ ಮೇಲಿನ ನುಣ್ಣನೆಯ ಸಾಲಿಗೆ ಬೆರಳು ತೋರಿಸಿದರು.

"ಇದನ್ನ ಇಟ್ಟಿದ್ದು ಯಾರು?"

ಡ್ರೈವರ್ ಕೆಮ್ಮಿದ. ಹದಿನೆಂಟು ಮಂದಿ ಮೇಲೆ ನೋಡಿದರು, ತಗಡಿನ ಛಾವಣಿಯಲ್ಲಿ ಅಷ್ಟು ನೋಡುವಂಥದ್ದೇನಿದೆಯೋ. ಮಣ್ಣಕ್ಕ ಬಾಯಿ ತೆರೆದದ್ದನ್ನು ಸಂಯೋಜಕರು ಕಂಡರು. ತಪ್ಪನ್ನು ತನ್ನ ಮೈಮೇಲೆ ಎಳೆದುಕೊಳ್ಳಲು ಹೊರಟಿದ್ದಾಳೆಂದು ಅವರಿಗೆ ಹೊಳೆಯಿತು.

"ನಾನು," ಎಂದರು ಸಂಯೋಜಕರು. ಎರಡು ಪದವಿ ಪಡೆದ ಮೇಲೆ ಅವರು ಆಡಿದ ಅತ್ಯಂತ ಚಿಕ್ಕ ಭಾಷಣ ಅದು.

"ಹಂಗಾದ್ರೆ ಇವತ್ತು ಕುರ್ಚಿ ಸಾರ್‌ದೇ!" ಎಂದಳು ಯಾಕವ್ವ. ಚಪ್ಪಾಳೆ ಬಿತ್ತು. ಯಾರೋ ಕುರ್ಚಿ ಎಳೆದರು, ಯಾರೋ ಅವರ ಮಡಿಲಲ್ಲಿ ಮಾರುಕಟ್ಟೆಯ ಕೋಸನ್ನಿಟ್ಟರು. ಮೌಲ್ಯಮಾಪಕಿ ಮಕ್ಕಳ ಜೊತೆ ನೆಲದಲ್ಲೇ ಕೂತರು.

"ಏನು ಮಾಡಿದ್ರಿ ಸಾರ್?" ಎಂದು ಯಾಕವ್ವನೇ ಶುರು ಮಾಡಿದಳು.

"ಪೇಟೆಯಿಂದ ಕೋಸು ತಂದೆ."

"ಏನಾಯ್ತು?"

"ಸಿಕ್ಕಿಬಿದ್ದೆ."

"ಯಾಕೆ?"

ಸಂಯೋಜಕರು ಕೋಸನ್ನು ಒಂದು ಸುತ್ತು ತಿರುಗಿಸಿದರು. "ಹೆದರಿದ್ದೆ. ಇದನ್ನ ಮುಚ್ಚಿಬಿಡ್ತಾರೆ ಅಂತ." ಅದನ್ನು ನೆಲಕ್ಕಿಟ್ಟು, "ನಿಮ್ಮ ಬೆಳೆ ನೋಡಿದ್ರೆ ಯಾರಾದ್ರೂ ಮುಚ್ಚೇ ಮುಚ್ತಾರೆ ಅನ್ಕೊಂಡಿದ್ದೆ. ನೋಡೋಕೇ ಬರ್ತಿರ್ಲಿಲ್ಲ ನನಗೆ" ಎಂದರು.

"ಪರವಾಗಿಲ್ಲ, ಬೇಗ ಕಲಿತ್ರಿ," ಎಂದಳು ಮಣ್ಣಕ್ಕ. "ಕೆಲವರಿಗೆ ಒಂದು ಬೆಳೆ ಪೂರ್ತಿ ಹೋಗ್ಬೇಕಾಗುತ್ತೆ."

ಮೌಲ್ಯಮಾಪಕಿ ಕಾರು ಹತ್ತಿದರು. ಹತ್ತುವ ಮೊದಲು ಯಾಕವ್ವನ ಅಪ್ಪನ ಹೊಲಕ್ಕೆ ದಾರಿ ಯಾವುದೆಂದು ಕೇಳಿ, ಆ ಕಡೆಗೇ ಹೋದರು. ಆಮೇಲೆ ಹನ್ನೆರಡು ದಿನ ಯಾವ ಸುದ್ದಿಯೂ ಇಲ್ಲ. ಆ ಹನ್ನೆರಡು ದಿನ ಮಣ್ಣಕ್ಕ ಎಂದಿನಂತೆ ಬಂದಳು, ಎಂದಿನಂತೆ ಮಣ್ಣು ಕೆದಕಿದಳು, ಆದರೆ ಅಂಚೆಯವನ ಸೈಕಲ್ಲು ಗೇಟು ದಾಟಿ ಮುಂದೆ ಹೋದಾಗಲೆಲ್ಲ ಅವಳ ಕೈ ಒಂದು ಕ್ಷಣ ನಿಲ್ಲುತ್ತಿದ್ದುದನ್ನು ಸಂಯೋಜಕರು ಗಮನಿಸಿದರು. ಗಮನಿಸಲು ಅವರಿಗೆ ಅನುಕೂಲವೂ ಇತ್ತು: ಖಾಲಿ ಬಿದ್ದಿದ್ದ ಮೂಲೆಯ ಎರಡು ಮಂಚದಷ್ಟು ಜಾಗ ಕೇಳಿ ಪಡೆದು, ಪಕ್ಕದಲ್ಲೇ ಮೂಲಂಗಿ ಬಿತ್ತುತ್ತಿದ್ದರು. ಸಾಲು ಸ್ಕೇಲು ಹಿಡಿದಂತೆ ನೆಟ್ಟಗಿತ್ತು. ಮೊಳಕೆ ಮಾತ್ರ ಅವರ ಮಾತು ಕೇಳಲಿಲ್ಲ.

ಹದಿಮೂರನೆಯ ದಿನ ಪತ್ರ ಬಂತು. ಕ್ಲಬ್ ಇದ್ದಲ್ಲೇ ಇರತಕ್ಕದ್ದು. ಇನ್ನೂ ಮೂರು ವರ್ಷ. ಸದಸ್ಯರ ಸಂಖ್ಯೆ ಮೂವತ್ತಕ್ಕೆ ಏರಿಸಬಹುದು. ಪಟ್ಟಣದ ಕೇಂದ್ರದವರು ತಿಂಗಳಿಗೊಮ್ಮೆ ಇಲ್ಲಿಗೇ ಬಂದು ಕಲಿಯತಕ್ಕದ್ದು. ಸಂಯೋಜಕರು ಅದನ್ನು ಹೊಲದ ಅಂಚಿನಲ್ಲಿ ನಿಂತು ಗಟ್ಟಿಯಾಗಿ ಎರಡು ಸಲ ಓದಿದರು. ಯಾಕವ್ವ ಕೇಕೆ ಹಾಕಿದಳು. ಮಣ್ಣಕ್ಕ ತಿರುಗಿ ನಿಂತು, ಮೊಣಕೈಯಿಂದ ಮುಖ ಒರೆಸಿಕೊಂಡು, "ಹನ್ನೆರಡು ಜಾಗ ಹೆಚ್ಚಿಗೆ ಅಳೀಬೇಕು, ಹಗ್ಗ ತಗೊಂಡ್ ಬನ್ರೇ" ಎಂದು ಕೂಗಿದಳು.

ಮೂವತ್ತು ಜನ ಎಂದ ಕೂಡಲೇ ಸಂಯೋಜಕರೊಳಗಿನ ಪ್ರಬಂಧಕಾರ ಮತ್ತೆ ಎಚ್ಚೆತ್ತ. ಸಂಜೆಯೊಳಗೆ ಅವರು ಇಪ್ಪತ್ತೆರಡು ಪ್ರಶ್ನೆಗಳ ಯೋಜನಾ ನಮೂನೆಯೊಂದನ್ನು ತಯಾರಿಸಿ, ಪೆನ್ನು ಹಿಡಿದು, ಹಗ್ಗ ಎಳೆಯುತ್ತಿದ್ದ ಮಣ್ಣಕ್ಕನ ಹಿಂದೆ ಹಿಂದೆಯೇ ನಡೆಯುತ್ತ ಒಂದೊಂದಾಗಿ ಕೇಳುತ್ತ ಬಂದರು. ಇಪ್ಪತ್ತೊಂದಕ್ಕೆ ಅವಳು ತಾಳ್ಮೆಯಿಂದ ಉತ್ತರಿಸಿದಳು.

"ಕೊನೇದು ಅಕ್ಕ. ಬಹಳ ಮುಖ್ಯ. ಮೂವತ್ತು ಮಂದಿ ಬಯಲಲ್ಲಿ ಕೆಲಸ ಮಾಡ್ತಿರುವಾಗ ದಿಢೀರನೆ ಮಳೆ ಬಂದರೆ, ನಮ್ಮ ಪರ್ಯಾಯ ಕಾರ್ಯಯೋಜನೆ ಏನು?"

ಮಣ್ಣಕ್ಕ ಗೂಟಕ್ಕೆ ಹಗ್ಗ ಸುತ್ತಿ, ಬಿಗಿಯಾಗಿ ಗಂಟು ಹಾಕಿದಳು.

"ನೆನೀತೀವಿ. ಬರ್ಕೊಳ್ಳಿ."