ಆಯಿ ಹೇಳದ ಐದನೆಯ ಮಾತು

ನಮ್ಮ ಭಾಲ್ಕಿ ಕಡೆ ವೈನ್ ಎಂದರೂ ಒಂದೇ, ಸಾರಾಯಿ ಎಂದರೂ ಒಂದೇ. ಹಾಗೆ ತಿಳಿದವರಲ್ಲಿ ನಾನೂ ಒಬ್ಬಳು. ಜೊತೆಗೆ ಓದಿದ ಗೆಳತಿ ಉಜ್ವಲಾ ವೈನ್ ಮಾಡುವುದನ್ನು ಕಲಿಯಲು ನಾಸಿಕದ ಬಸ್ಸು ಹತ್ತಿದಾಗ, "ನಿನಗ ಬ್ಯಾರೆ ಕೆಲಸಾನೇ ಸಿಗ್ಲಿಲ್ಲೇನ?" ಎಂದು ಬಸ್‌ಸ್ಟ್ಯಾಂಡಿನಲ್ಲೇ ಜಗಳ ತೆಗೆದಿದ್ದೆ. ಅವಳು ನಕ್ಕು ಕಿಟಕಿಯಿಂದ ಕೈ ಬೀಸಿದಳು. ಮೊದಲಿನಿಂದಲೂ ಮೊಂಡಿ.

ಕಲಿತು ಬಂದು ಔರಾದ ರಸ್ತೆಯ ಹೊಸ ವೈನರಿಯಲ್ಲಿ ಕೆಲಸಕ್ಕೆ ಸೇರಿದಳು. ಅದೂ ಒಂದು ವಿಚಿತ್ರ ಜಾಗ. ದ್ರಾಕ್ಷಿ ಬೆಳೆದು ಕೊಡುವ ಬಗದಲ್‌ನ ಸಲಾವೋದ್ದೀನ ಚಾಚಾ ಕುಡಿಯುವವನಲ್ಲ. ಗೊಂಚಲು ಕೊಯ್ಯುವ ಸಾಯಗಾಂವದ ಹೆಂಗಸರು ವಾಸನೆಗೇ ಮೂಗು ಮುಚ್ಚುವವರು. ಆದರೆ ವೈನರಿ ಬಂದ ಮೇಲೆ ಆ ಹೆಂಗಸರು ಕೂಲಿಗೆಂದು ಹೈದರಾಬಾದಿಗೆ ಹೋಗುವುದು ನಿಂತಿತು. ಕಣ್ಣಾರೆ ಕಂಡಿದ್ದನ್ನು ನಾನು ಇಲ್ಲವೆನ್ನಲಾರೆ.

ಈ ವರ್ಷ ಮಾಲೀಕ ನಂದಕುಮಾರ ಬೀದರದಿಂದ ಬಂದು ಅವಳನ್ನು ಕೂರಿಸಿಕೊಂಡು ಹೇಳಿದರು: "ಇನ್ನ ಮ್ಯಾಲೆ ಇಡೀ ವೈನರಿ ನೀವೇ ನಡಸ್ರಿ ಮೇಡಂ. ಒಲ್ಲೆ ಅಂದ್ರ ಇದನ್ನ ಗೋದಾಮ ಮಾಡ್ತೇನಿ. ಬ್ಯಾಸಗಿ ಮುಗಿಯೋದ್ರಾಗ ಹೇಳ್ರಿ."

ಉಜ್ವಲಾ ಹೂಂ ಎನ್ನುವವಳೇ. ಆದರೆ ಮಾಘದ ಹುಣ್ಣಿಮೆಗೆ ತನ್ನೂರು ಸಾಯಗಾಂವಕ್ಕೆ ಹೋದಳು. ಅಲ್ಲಿಯ ಬುದ್ಧ ವಿಹಾರದಲ್ಲಿ ಹುಣ್ಣಿಮೆಯ ದಿನ ಎಲ್ಲರೂ ಕೂಡಿ ಪಂಚಶೀಲ ಹೇಳುತ್ತಾರೆ. ಕೊಲ್ಲುವುದಿಲ್ಲ, ಕದಿಯುವುದಿಲ್ಲ, ದಾರಿ ತಪ್ಪಿ ನಡೆಯುವುದಿಲ್ಲ, ಸುಳ್ಳಾಡುವುದಿಲ್ಲ, ಅಮಲೇರಿಸುವುದನ್ನು ಕುಡಿಯುವುದಿಲ್ಲ. ಒಬ್ಬರು ಮುಂದೆ ಕುಳಿತು ಹೇಳಿಕೊಡಬೇಕು, ಉಳಿದವರು ಅವರ ಹಿಂದೆ ಹೇಳಬೇಕು. ಮೊದಲಿನಿಂದ ಹೇಳಿಕೊಡುತ್ತಿದ್ದವರು ಉಜ್ವಲಾಳ ತಾಯಿ ಶೇವಂತಾಬಾಯಿ. ಅವರ ದನಿ ಬಸ್‌ಸ್ಟಾಪಿನವರೆಗೂ ಕೇಳಿಸುತ್ತಿತ್ತು. ಆ ದಿನ ಮುಂದೆ ಬೇರೆ ಯಾರೋ ಕುಳಿತಿದ್ದರು. ಶೇವಂತಾಬಾಯಿ ಬಾಗಿಲ ಬಳಿ, ಚಪ್ಪಲಿ ಬಿಡುವ ಕಡೆ ಇದ್ದರು. ಐದನೆಯ ಮಾತಿಗೆ ಅವರ ತುಟಿ ಅಲ್ಲಾಡಲಿಲ್ಲ.

ಸಂಜೆ ಒಲೆಯ ಮುಂದೆ ಮಗಳು ಕೇಳಿದಳು. "ಯಾಕ ಆಯಿ, ಮುಂದ ಕೂಡಲಿಲ್ಲ?"

"ಮೊಣಕಾಲ ನೋವು."

"ಮೊಣಕಾಲ ನೋವಿಗೆ ಬಾಯಿ ಯಾಕ ಮುಚ್ಚಬೇಕು?"

ಶೇವಂತಾಬಾಯಿ ರೊಟ್ಟಿ ತಿರುವಿ ಹಾಕಿದರು. "ನಾ ಮುಂದ ಕುಂತು ಕುಡಿಬಾರದು ಅಂದ್ರ ಮಂದಿ ಹಿಂದ ನಿನ್ನ ಹೆಸರು ತಗೀತಾರ. ಮಗಳು ಮಾಡ್ತಾಳ, ಅವ್ವ ಬ್ಯಾಡ ಅಂತಾಳ ಅಂತ ನಗ್ತಾರ. ಬಾಯಿ ಮುಚ್ಚಿ ಹಿಂದ ಕುಂತ್ರ ನಿನ್ನ ಸುದ್ದೀನೇ ಬರಂಗಿಲ್ಲ ನೋಡು."

ಮರುದಿನ ಉಜ್ವಲಾ ನನ್ನ ಮನೆಗೆ ಬಂದು ಅತ್ತಳು. "ನನ್ನ ಸಲುವಾಗಿ ಆಯಿ ಚಪ್ಪಲಿ ಹತ್ರ ಕುಂತಾಳ, ದಾನಮ್ಮ. ನಂಗ ಈ ನೌಕರಿನೇ ಬ್ಯಾಡ."

ಇಷ್ಟು ವರ್ಷ ನಾನು ಕಾಯುತ್ತಿದ್ದ ಮಾತು ಅದೇ. ಕೇಳಿದಾಗ ಮಾತ್ರ ಸಾಯಗಾಂವದ ಆ ಕೂಲಿ ಹೆಂಗಸರು ನೆನಪಾಗಿ ಸಿಟ್ಟು ಬಂತು. "ಬ್ಯಾಡ ಅಂದ್ರ ಬ್ಯಾಡ ಅನ್ನು. ಆದ್ರ ನೀ ಏನ ಮಾಡ್ತಿ ಅಂತ ನಿಮ್ಮ ಆಯಿ ಒಮ್ಮೆನೂ ನೋಡಿಲ್ಲ. ಮೊದಲ ತೋರಿಸು, ಆಮ್ಯಾಲೆ ಬಿಡು."

ದ್ರಾಕ್ಷಿ ಸುಗ್ಗಿಯಲ್ಲಿ ಶೇವಂತಾಬಾಯಿಯನ್ನು ಆಟೋದಲ್ಲಿ ನಾನೇ ಕರೆದುಕೊಂಡು ಹೋದೆ. ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತರು. ಒಳಗೆ ಉಜ್ವಲಾ ಟ್ಯಾಂಕಿನ ನಲ್ಲಿ ತಿರುಗಿಸಿ ಒಂದು ಗುಟುಕು ಬಾಯಿಗೆ ಹಾಕಿಕೊಂಡಳು, ಕಣ್ಣು ಮುಚ್ಚಿ ನಾಲಿಗೆಯ ಮೇಲೆ ಆಡಿಸಿದಳು, ಪಕ್ಕದ ಬಕೆಟ್ಟಿಗೆ ಉಗುಳಿದಳು.

"ಯಾಕ ಉಗುಳಿದಿ? ಕೆಟ್ಟದೇನ?"

"ಇಲ್ಲ ಆಯಿ, ಚೊಲೋ ಅದ. ರುಚಿ ನೋಡಿ ಉಗುಳೋದೇ ನನ್ನ ಕೆಲಸ."

"ಒಮ್ಮೆನೂ ನುಂಗಿಲ್ಲ?"

"ಒಂದ ಹನಿನೂ ಇಲ್ಲ. ಹುಣ್ಣಿಮಿಗೊಮ್ಮೆ ನಿನ್ನ ಹಿಂದ ಹೇಳಿದ್ದು ನಾ ಮರೀತೇನೇನು?"

ಸೆರಗು ಮೂಗಿನಿಂದ ಜಾರಿತು. "ಅಯ್ಯ ನನ್ನವ್ವ! ಇಷ್ಟ ವರ್ಷ ಉಗುಳಿ ಉಗುಳಿ ಪಗಾರ ತಗೊಂಡಿ?" ಎಂದು ನಕ್ಕರು ನೋಡಿ, ದ್ರಾಕ್ಷಿ ಆರಿಸುತ್ತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು.

ಮರಳುವಾಗ ಅವರು ನಗಲಿಲ್ಲ. "ಮಾಡೋದು ಸರಿನೋ ತಪ್ಪೋ ನಂಗ ತಿಳಿಯಂಗಿಲ್ಲ ದಾನಮ್ಮ," ಎಂದರು. "ಆದ್ರ ಬಾಯಾಗ ಇಟ್ಕೊಂಡೂ ನುಂಗಿಲ್ಲ ಆಕಿ. ಕುಡಿಯಂಗಿಲ್ಲ ಅಂತ ಹೇಳ್ಲಾಕ ಆಕಿಗಿಂತ ಹಕ್ಕು ಯಾರಿಗದ?"

ಬುದ್ಧ ಪೂರ್ಣಿಮೆ ಬಂತು. ನಾನೂ ಅವರ ಜೊತೆ ವಿಹಾರಕ್ಕೆ ಹೋದೆ. ನಂದಕುಮಾರರಿಗೆ ಉಜ್ವಲಾ ಇನ್ನೂ ಉತ್ತರ ಕೊಟ್ಟಿರಲಿಲ್ಲ. ವಿಹಾರದೊಳಗೆ ಕಾಲಿಟ್ಟ ಕೂಡಲೇ ಶೇವಂತಾಬಾಯಿ ಮಗಳ ಕೈ ಹಿಡಿದು, ಕುಳಿತವರ ನಡುವೆ ದಾರಿ ಮಾಡಿಕೊಂಡು, ಸೀದಾ ಮುಂದೆ ಹೋಗಿ ಕುಳಿತರು. ಯಾರೂ ಬೇಡ ಎನ್ನಲಿಲ್ಲ. ಆ ದನಿಗಾಗಿ ಎಲ್ಲರೂ ಕಾದಿದ್ದರೆಂದು ನನಗನ್ನಿಸಿತು. ನಾಲ್ಕು ಮಾತು ಹೇಳಿಕೊಟ್ಟರು. ಐದನೆಯದಕ್ಕೆ ನಿಲ್ಲಿಸಿ ಮಗಳ ಬೆನ್ನ ಮೇಲೆ ಕೈ ಇಟ್ಟರು.

"ಇದು ನೀ ಹೇಳು."

ಉಜ್ವಲಾ ಹೇಳಿದಳು. ಒಂದಕ್ಷರವನ್ನೂ ಬಿಡದೆ ಪೂರ್ತಿ ಹೇಳಿದಳು. ಹಿಂದಿನಿಂದ ಯಾರೂ ಬಾಯಿ ತೆರೆಯಲಿಲ್ಲ. ಆಗ ಶೇವಂತಾಬಾಯಿ ಮಗಳ ಹಿಂದೆ ಹೇಳಿದರು, ಬಸ್‌ಸ್ಟಾಪಿನವರೆಗೂ ಕೇಳಿಸುವ ಅದೇ ದನಿಯಲ್ಲಿ. ಅವರ ಹಿಂದೆ ಮುಂದಿನ ಸಾಲು ಹೇಳಿತು, ಆಮೇಲೆ ಎಲ್ಲರೂ ಹೇಳಿದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಾನೂ ಹೇಳಿದೆ. ಬಸವಣ್ಣ ಬೇಜಾರು ಮಾಡಿಕೊಂಡಿರಲಿಕ್ಕಿಲ್ಲ.

ಮುಗಿದ ಮೇಲೆ ಉಜ್ವಲಾ ಹೊರಗೆ ಬಂದು ಫೋನು ತೆಗೆದಳು. "ಹೂಂ ಸರ್, ನಡಸ್ತೇನಿ," ಎಂದಳು, ಕಣ್ಣೊರೆಸಿಕೊಳ್ಳುತ್ತಾ. ಒಳಗೆ ಅವಳ ಆಯಿ ಇನ್ನೂ ಮುಂದೆಯೇ ಕುಳಿತಿದ್ದರು.