ಅಡುಗೆಮನೆಯ ಹಿಂದಿನ ಗಜ್ಜರಿ

ಡೊಂಬಿವಲಿಯ ಜಯಲತಾ ಮಾತಿನ ಮಲ್ಲಿ. ಉಡುಪಿ ಕಡೆಯಿಂದ ಮದುವೆಯಾಗಿ ಬಂದು ಮೂವತ್ತು ವರ್ಷಗಳಾದರೂ ಆ ಬಾಯಿಗೆ ತಕ್ಕ ಕಿವಿ ಸಿಕ್ಕಿರಲಿಲ್ಲ. ಗಂಡ ಮುಂಡಪ್ಪನಿಗೆ ಠಾಣೆಯ ಹೋಟೆಲಿನ ಗಲ್ಲಾ ಬಿಟ್ಟು ಬರಲು ಪುರುಸೊತ್ತಿಲ್ಲ. ಮಗಳು ನಿಕಿತಾ ತುಳುವಿನಲ್ಲಿ ಕೇಳಿದರೂ ಕನ್ನಡದಲ್ಲಿ ಕೇಳಿದರೂ ಹಿಂದಿಯಲ್ಲೇ ಉತ್ತರಿಸುತ್ತಾಳೆ.

ಹಾಗಾಗಿ ಪಾತ್ರೆ ತೊಳೆಯಲು ವಿಜಯಪುರದ ಬಾಗಿ ಬರತೊಡಗಿದ್ದು ಜಯಲತಾಗೆ ಹಬ್ಬವಾಯಿತು. ಉಳಿದ ಮನೆಗಳಲ್ಲಿ "ಹಾಂ ಮೇಡಮ್, ಹೋ ಗಯಾ" ಎಂದು ಹಿಂದಿಯಲ್ಲಿ ಕೆಲಸ ಆಯಿತೆಂದಷ್ಟೇ ಹೇಳಿ ಹೊರಡುವ ಬಾಗಿಗೆ ಇಲ್ಲಿ ಕೆಲಸ ಮುಗಿದರೂ ಮಾತು ಮುಗಿಯುತ್ತಿರಲಿಲ್ಲ. ಇವಳು ಅವಳಿಗೆ ಮೇಡಮ್ ಅಲ್ಲ, ಅಕ್ಕ.

ನೆಲಮಹಡಿಯ ಮನೆ. ಅಡುಗೆಮನೆಯ ಹಿಂದೆ, ಗಟಾರದ ಪಕ್ಕ, ಒಂದು ಪಟ್ಟಿ ಮಣ್ಣು. ಮಳೆಗಾಲ ಕಳೆದ ಮೇಲೆ ಜಯಲತಾ ಅಲ್ಲಿ ಕ್ಯಾರೆಟ್ ಬೀಜ ಉದುರಿಸಿದಳು. ಒತ್ತಾಗಿ ಬಂದ ಸಸಿಗಳಲ್ಲಿ ಕೆಲವನ್ನು ಕಿತ್ತು ಉಳಿದವಕ್ಕೆ ಜಾಗ ಮಾಡಿಕೊಟ್ಟವಳು ಬಾಗಿ. ಕ್ಯಾರೆಟ್ಟು ಅವಳ ಬಾಯಲ್ಲಿ ಗಜ್ಜರಿ, ಅದರ ಸೊಪ್ಪು ತಪ್ಪಲ. ಕೀಳುತ್ತಲೇ ನಕ್ಕಳು.

"ಸಣ್ಣಾಕಿದ್ದಾಗ ಗೌಡರ ಹೊಲದಾಗ ಗಜ್ಜರಿ ಕಿತ್ತು ತಿಂದು, ತಪ್ಪಲಾ ಮತ್ತ ಮಣ್ಣಾಗ ಚುಚ್ಚಿ ಬರ್ತಿದ್ವಿ ಅಕ್ಕಾ. ನೋಡಿದವ್ರಿಗೆ ಬೆಳಿ ಹಾಂಗ ನಿಂತಿರ್ತಿತ್ತು."

ಜಯಲತಾ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಕಂಡಕಂಡವರ ಮುಂದೆ ಯಾರೂ ಹೇಳಿಕೊಳ್ಳುವ ಮಾತಲ್ಲ ಅದು. ಆದರೆ ಅಷ್ಟು ನಂಬಿ ಹೇಳಿದ್ದಾಳೆಂದು ಆಗ ಅವಳಿಗೆ ಹೊಳೆಯಲಿಲ್ಲ.

ಜನವರಿಯಲ್ಲಿ ಕೀಳಲು ಹೋದರೆ ಹಸಿರು ಸೊಪ್ಪಷ್ಟೇ ಕೈಗೆ ಬಂತು, ಕೆಳಗೆ ಕ್ಯಾರೆಟ್ಟೇ ಇಲ್ಲ. ಪಕ್ಕದ್ದೂ ಹಾಗೆಯೇ. ಜಯಲತಾ ಒಳಗೆ ಬಂದು, ಪಾತ್ರೆ ತಿಕ್ಕುತ್ತಿದ್ದ ಬಾಗಿಯ ಮುಂದೆ ಆ ಸೊಪ್ಪು ಹಿಡಿದು, ನಗುನಗುತ್ತಲೇ ಅಂದಳು:

"ಹಳೇ ಅಭ್ಯಾಸ ಇನ್ನೂ ಬಿಡ್ಲಿಲ್ವಾ ಮಾರಾಯ್ತಿ? ಕೇಳಿದ್ರೆ ನಾನೇ ಕೊಡ್ತಿದ್ದೆ."

ಅದು ತಮಾಷೆಯಂತಿತ್ತು, ತಮಾಷೆಯಾಗಿರಲಿಲ್ಲ. ಬಾಗಿ ಸೊಪ್ಪು ನೋಡಿದಳು, ಅಕ್ಕನ ಮುಖ ನೋಡಿದಳು. ಉಳಿದ ಪಾತ್ರೆಗಳನ್ನು ತೊಳೆದಿಟ್ಟು ಹೋದವಳು ಮರುದಿನ ಬರಲಿಲ್ಲ.

ಆ ವಾರವೇ ಜಯಲತಾ ಮಣ್ಣು ಅಗೆಯುವಾಗ ಸಲಿಕೆ ದೊಡ್ಡ ಬಿಲದೊಳಗೆ ಇಳಿಯಿತು. ಗಟಾರದಿಂದ ಹೆಗ್ಗಣ ಕೊರೆದ ದಾರಿ. ಒಳಗೆ ಹಲ್ಲಿನ ಗುರುತಿದ್ದ ಕ್ಯಾರೆಟ್ ತುಂಡುಗಳು. ಅವಳು ಒಂದು ತುಂಡನ್ನು ಎತ್ತಿ ನೋಡಿದಳು. ಇಲ್ಲಿನ ಗಟಾರಗಳ ತುಂಬ ಹೆಗ್ಗಣಗಳೆಂದು ಗೊತ್ತಿಲ್ಲದವಳೇ? ಆದರೂ ಮೊದಲು ನೆನಪಾದದ್ದು ಬಾಗಿ. ಆ ನಾಚಿಕೆ ಅವಳನ್ನು ಇಂದಿಗೂ ಬಿಟ್ಟಿಲ್ಲ.

ಉಳಿದಿದ್ದ ಒಳ್ಳೆಯ ಕ್ಯಾರೆಟ್‌ಗಳನ್ನು ತೊಳೆದುಕೊಂಡು ಬಾಗಿಯ ಮನೆ ಹುಡುಕಿ ಹೋದಳು.

"ಹೆಗ್ಗಣದ ಕೆಲಸ ಅದು. ನಾನು ಹಾಗೆ ಹೇಳ್ಬಾರದಿತ್ತು, ತಪ್ಪಾಯ್ತು. ನಾಳೆಯಿಂದ ಬಾ ಬಾಗಿ."

ಬಾಗಿ ತಲೆಯಾಡಿಸಿದಳು. ಬಂದಳು ಕೂಡ.

ಈಗಲೂ ಬರುತ್ತಾಳೆ. ಪಾತ್ರೆಗಳನ್ನು ಮೊದಲಿಗಿಂತ ಚೊಕ್ಕವಾಗಿ ತಿಕ್ಕುತ್ತಾಳೆ. ಜಯಲತಾ ಚಹಾದ ಲೋಟ ಮುಂದಿಟ್ಟು, "ಊರಲ್ಲಿ ಜೋಳದ ಕೊಯ್ಲಾಯ್ತಾ ಬಾಗಿ?" ಎಂದು ಕೇಳುತ್ತಾಳೆ.

ಬಾಗಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾಳೆ.

"ಹಾಂ ಮೇಡಮ್," ಅನ್ನುತ್ತಾಳೆ. "ಹೋ ಗಯಾ."