ಬಾರಯ್ಯಾ ಮಹದೇವು, ಇವತ್ತೇನು ಸುದ್ದಿ?

ಮುಖ ನೋಡದೆ ಗೆಳೆತನ ಮಾಡುವುದು ನನ್ನ ಜಾಯಮಾನವಲ್ಲ. ಆದರೂ 2003ರಲ್ಲಿ, ಖಜಾನೆ ಇಲಾಖೆಯಿಂದ ನಿವೃತ್ತನಾಗಿ ಮೈಸೂರಿನ ಒಂಟಿಕೊಪ್ಪಲಿನ ಮನೆಯಲ್ಲಿ ನೊಣ ಹೊಡೆಯುತ್ತ ಕೂತಿದ್ದಾಗ, ಇಂಟರ್ನೆಟ್ಟಿನಲ್ಲಿ ‘ಸುದ್ದಿ ಜಗಲಿ’ ಎಂಬ ಇಮೇಲ್ ಗುಂಪೊಂದನ್ನು ಕಟ್ಟಿದೆ. ರಾಜಕೀಯ ಬೇಡ, ಸಿನಿಮಾ ಬೇಡ, ಕಂಡು ಕೇಳಿದ ವಿಚಿತ್ರವನ್ನು ಹಂಚಿಕೊಳ್ಳಿ ಎಂಬುದೇ ನಿಯಮ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತಿದ್ದ ಕಾಲ ಅದು. ಸೇರಿದವರಲ್ಲಿ ಮುಕ್ಕಾಲು ಪಾಲು ಜನ ಪೇಪರಿನಲ್ಲಿ ಬಂದದ್ದನ್ನೇ ಎತ್ತಿ ಹಾಕುತ್ತಿದ್ದರು. ಎರಡು ತಲೆಯ ಕರು, ಗಣಪತಿಯಂತಿರುವ ಆಲೂಗಡ್ಡೆ. ಓದಿ ಓದಿ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಆಗ ಬಂದವನು ಮಹದೇವು. ಇಲ್ಲೇ ಮೈಸೂರಿನ ಶ್ರೀರಾಂಪುರದಲ್ಲಿ ಹಿಟ್ಟಿನ ಮಿಲ್ಲು ಇದೆ ಎಂದಷ್ಟೇ ತನ್ನ ಬಗ್ಗೆ ಬರೆದ. ಅವನ ಸುದ್ದಿ ಪೇಪರಿನದಲ್ಲ, ಮಿಲ್ಲಿನದು. ಡಬ್ಬ ಇಟ್ಟು ಸರದಿ ಕಾಯುವವರು ಆಡಿದ ಮಾತುಗಳು. ಜವರಪ್ಪ ಎಂಬುವರು ಚಳಿಗಾಲದಲ್ಲಿ ತಮ್ಮ ಹಳೇ ಸ್ಕೂಟರಿಗೆ ಕಂಬಳಿ ಹೊದಿಸಿ ಮಲಗಿಸುತ್ತಾರಂತೆ, ಬೆಳಿಗ್ಗೆ ಅದು ಒಂದೇ ಕಿಕ್ಕಿಗೆ ಏಳುತ್ತದಂತೆ. ಕಡಲೆಬೇಳೆ ಬೀಸುವ ದಿನ ಮಾತ್ರ ಬಾಗಿಲಿಗೆ ಬಂದು ನಿಲ್ಲುವ ಹಸುವೊಂದಿದೆಯಂತೆ, ಅಕ್ಕಿ ಬೀಸಿದರೆ ತಿರುಗಿಯೂ ನೋಡುವುದಿಲ್ಲವಂತೆ. ಹಾಸನದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ ಹೇಮಶ್ರೀ ಎಂಬ ಹುಡುಗಿ, ‘ಜವರಪ್ಪನವರ ಸ್ಕೂಟರ್ ಆರೋಗ್ಯವೇ?’ ಎಂದು ಆಗಾಗ ವಿಚಾರಿಸುತ್ತಿದ್ದಳು.

ಬೆಳಗಿನ ಕಾಫಿ ಮುಗಿಸಿ ಕಂಪ್ಯೂಟರಿನ ಮುಂದೆ ಕೂತರೆ ನಾನು ಮೊದಲು ಕುಟ್ಟುತ್ತಿದ್ದ ಸಾಲು ಒಂದೇ: ‘ಬಾರಯ್ಯಾ ಮಹದೇವು, ಇವತ್ತೇನು ಸುದ್ದಿ?’ ದಪ್ಪ ಮೀಸೆ, ಹಿಟ್ಟು ಮೆತ್ತಿದ ತಲೆ, ಹೆಗಲಿಗೊಂದು ಟವೆಲ್ಲು. ಹೀಗೊಬ್ಬನನ್ನು ಮನಸ್ಸಿನಲ್ಲಿ ಮಾಡಿಟ್ಟುಕೊಂಡಿದ್ದೆ. ಗಂಡಸರು ಗಂಡಸರು ಎಂಬ ಸಲಿಗೆಯಲ್ಲಿ, ನನ್ನ ಹೆಂಡತಿ ಪ್ರೇಮಲೀಲಾ ಮಾಡುವ ಉಪ್ಪಿಟ್ಟನ್ನು ಗೋಡೆಗೆ ಎಸೆದರೆ ಅಂಟಿಕೊಳ್ಳುತ್ತದೆ ಎಂದು ಅವನೊಬ್ಬನಿಗೇ ಗುಟ್ಟಾಗಿ ಬರೆದೆ. ‘ರವೆನ ಒಂದಿನ ನೀವೇ ಹುರಿದು ನೋಡಿ ಸಾರ್’ ಎಂದು ಉತ್ತರ ಬಂತು. ಎಲಾ ಇವನ! ಅವನ ಜೊತೆ ಟೂ ಬಿಟ್ಟೆ. ಎರಡು ದಿನವೂ ತಡೆಯಲಾಗದೆ ನಾನೇ ಮತ್ತೆ ಕರೆದೆ. ಅವನ ಮೇಲೆ ನನಗೆ ಅಷ್ಟು ಪ್ರೀತಿ ಇತ್ತು, ಮುಚ್ಚಿಡುವುದೇಕೆ? ಉಪ್ಪಿಟ್ಟಿನ ಗುಟ್ಟೂ ಗುಟ್ಟಾಗಿ ಉಳಿಯಲಿಲ್ಲ. ಪ್ರೇಮಲೀಲಾ ನನ್ನ ಬೆನ್ನ ಹಿಂದೆ ನಿಂತು ಓದಿದ್ದಳು.

2005ರ ಬೇಸಿಗೆಯಲ್ಲಿ, ಮಿಲ್ಲಿನ ಮೀಟರ್ ಬೋರ್ಡಿನ ಮೇಲೆ ಗುಬ್ಬಿ ಗೂಡು ಕಟ್ಟಿದೆ ಎಂದು ಮಹದೇವು ಬರೆದ. ಮೋಟಾರು ಶುರುವಾದರೆ ಗೂಡು ಅದುರುತ್ತದೆಂದು ಅಡಿಗೆ ಗೋಣಿಚೀಲ ಒತ್ತಿಟ್ಟಿದ್ದನಂತೆ. ಮೊಟ್ಟೆಯೊಡೆದು ಮರಿ ಬಂದಾಗ ಜಗಲಿಗೆ ಜಗಲಿಯೇ ಬಾಣಂತನಕ್ಕೆ ನಿಂತಿತು. ಆ ಹುರುಪಿನಲ್ಲಿ ನಾನೊಂದು ಅಪ್ಪಣೆ ಹೊರಡಿಸಿದೆ: ‘ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಎಲ್ಲರೂ ಮೈಸೂರಿಗೆ ಬನ್ನಿ. ಮಹದೇವು ಮಿಲ್ಲಿನಲ್ಲೇ ಸೇರೋಣ.’

ಅವತ್ತಿನಿಂದ ಮಹದೇವು ನಾಪತ್ತೆ.

ಕರೆದೆ, ಬೈದೆ, ಗೋಗರೆದೆ. ಉತ್ತರವಿಲ್ಲ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ನಾಲ್ಕು ಲೋಟ ಕಾಫಿಗೆ ಹೆದರಿದನೇನು ಎಂದು ಗೊಣಗುತ್ತ ಸ್ಕೂಟರ್ ಹೊರಗೆ ತೆಗೆದೆ. ಪ್ರೇಮಲೀಲಾ ರಾಗಿ ಡಬ್ಬ ಹಿಡಿದು ಹಿಂದೆ ಹತ್ತಿದಳು.

“ಮಿಲ್ಲಿಗೆ ಬರಿಗೈಲಿ ಹೋಗ್ತಾರೇನ್ರೀ?”

ಶ್ರೀರಾಂಪುರದಲ್ಲಿ ಜವರಪ್ಪನವರ ಸ್ಕೂಟರ್ ಎಂದದ್ದೇ ತಡ, ಮಿಲ್ಲಿನ ದಾರಿ ತೋರಿಸಿದರು. ಒಳಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ತಲೆಗೆ ಬಟ್ಟೆ ಸುತ್ತಿಕೊಂಡು ಹಿಟ್ಟು ತುಂಬುತ್ತಿದ್ದರು.

“ಮಹದೇವು ಇದಾನೇನಮ್ಮಾ? ಚಂದ್ರಮೌಳಿ ಬಂದಿದಾನೆ ಅಂತ ಹೇಳಿ,” ಎಂದೆ.

ಆಕೆ ಮೋಟಾರು ನಿಲ್ಲಿಸಿ ಗೋಡೆಯತ್ತ ನೋಡಿದರು. ಅಲ್ಲೊಂದು ಫೋಟೋ, ಅದಕ್ಕೆ ಗಂಧದ ಹಾರ. ಕೆಳಗೆ ಮಹದೇವು ಎಂಬ ಹೆಸರು, ತೀರಿಕೊಂಡ ವರ್ಷ 2001. ಮೀಸೆಯೂ ಇರಲಿಲ್ಲ. ಹಾಗಾದರೆ ಎರಡು ವರ್ಷ ನಾನು ಹರಟಿದ್ದು ಯಾರ ಜೊತೆ?

“ನಾನೇ ಸಾರ್ ಬರೀತಿದ್ದುದು. ಮಂಗಳಮ್ಮ ಅಂತ,” ಎಂದರು ಆಕೆ.

ಗಂಡ ಹೋದ ಮೇಲೆ ಮಿಲ್ಲು ಮಾರಿಬಿಡಿ ಎಂದವರ ಮಾತು ಕೇಳದೆ, ಬೆಲ್ಟು ಹಾಕುವುದನ್ನೂ ಸವೆದ ಬೀಸುಕಲ್ಲು ಕುಟ್ಟಿಸುವುದನ್ನೂ ತಾವೇ ಕಲಿತವರು ಮಂಗಳಮ್ಮ. ಮಧ್ಯಾಹ್ನ ಗಿರಾಕಿ ಇಲ್ಲದಾಗ ಪಕ್ಕದ ಸೈಬರ್ ಕೆಫೆಗೆ ಹೋಗಿ ಕೂರುತ್ತಿದ್ದರು.

“ಇಮೇಲು ಯಾರ ಹೆಸರಿಗೆ ಮಾಡ್ಲಿ ಅಂದ್ರು ಸೈಬರಿನೋರು. ಗ್ಯಾಸು, ಕರೆಂಟು, ರೇಷನ್ ಕಾರ್ಡು ಎಲ್ಲಾ ಯಜಮಾನ್ರ ಹೆಸರಲ್ಲೇ ಅದೆ, ಇದನ್ನೂ ಅಂಗೇ ಮಾಡಿ ಅಂದ್ಬುಟ್ಟೆ. ಹೆಸರೇನು ಅಂದ್ರು. ಕರೆಂಟ್ ಬಿಲ್ಲು ತೋರಿಸ್ದೆ.”

ನಾನು ರೇಗಿದೆ. “ಎರಡು ವರ್ಷ, ತಾಯಿ! ಒಂದು ಮಾತು ಹೇಳಕ್ಕಾಗ್ತಿರ್ಲಿಲ್ವಾ?”

“ಏಳ್ಬೇಕು ಅಂತ್ಲೇ ಇದ್ದೆ ಸಾರ್. ಅಷ್ಟ್ರಲ್ಲಿ ನೀವು ಬಾರಯ್ಯಾ ಅಂತ ಅವ್ರ ಹೆಸರು ಹಿಡಿದು ಕರೆದ್ರಿ. ಅವ್ರು ಹೋದ್ಮೇಲೆ ಅಂಗೆ ಕರೆಯೋರು ಯಾರೂ ಇರ್ನಿಲ್ಲ. ಬಿಲ್ಲಲ್ಲಿ ಮಾತ್ರ ಬರೋದು. ನಾನಂತೂ ಗಂಡನ ಹೆಸರು ಬಾಯಲ್ಲಿ ಏಳ್ದೋಳೇ ಅಲ್ಲ. ದಿನಾ ಒಬ್ರು ಕರೀತಾರಲ್ಲ, ಕರೀಲಿ ಬುಡು ಅಂತ ಸುಮ್ಕಾದೆ. ಈಗ ನಿಜ ಗೊತ್ತಾದ್ರೆ ಅವ್ರೂ ಇನ್ನೊಂದ್ಸಲ ಹೋಯ್ತಾರೆ, ನೀವೆಲ್ಲಾನೂ ಹೋಯ್ತೀರ.”

ನನ್ನ ಕೋಪ ಎಲ್ಲಿ ಇಳಿದುಹೋಯಿತೋ ಗೊತ್ತಿಲ್ಲ. ಆಗ ಬಾಯಿ ತೆರೆದವಳು ಪ್ರೇಮಲೀಲಾ.

“ಅಂದ್ರೆ, ರವೆ ನೀವೇ ಹುರಿದು ನೋಡಿ ಅಂತ ಇವರಿಗೆ ಬರೆದೋರು ನೀವೇನಾ?”

ಮಂಗಳಮ್ಮ ಅಳುಕುತ್ತ ತಲೆಯಾಡಿಸಿದರು.

“ಗಂಡಸಾದೋನು ಇಂಥಾ ಮಾತು ಹೇಳ್ತಾನಾ ಅಂತ ನಂಗೆ ಆಗ್ಲೇ ಅನುಮಾನ ಇತ್ತು ಕಣ್ರೀ,” ಎಂದು ಅವಳು ರಾಗಿ ಡಬ್ಬವನ್ನು ಮುಂದೆ ಚಾಚಿದಳು. ಇಬ್ಬರೂ ನಕ್ಕರು. ನಾನು ಗುಬ್ಬಿ ಗೂಡು ನೋಡುವವನಂತೆ ಅತ್ತ ತಿರುಗಿದೆ.

ಹೊರಡುವಾಗ ಮಂಗಳಮ್ಮ ಒಂದೇ ಒಂದು ಕೇಳಿಕೊಂಡರು. “ಮಿಕ್ಕೋರಿಗೆ ನಾನೇ ಏಳ್ತೀನಿ ಸಾರ್. ನೀವು ಬರೀಬೇಡಿ.”

ಭಾನುವಾರ ಹತ್ತು ಹನ್ನೆರಡು ಮಂದಿ ಬಂದರು. ಮೂಟೆ, ಸ್ಟೂಲು, ಸಿಕ್ಕಿದ ಕಡೆ ಕೂತು ಒಬ್ಬೊಬ್ಬರೇ ಹೆಸರು ಹೇಳಿಕೊಂಡರು. ಜವರಪ್ಪನವರ ಸ್ಕೂಟರ್ ಮುಟ್ಟಿ ಬಂದಿದ್ದ ಹೇಮಶ್ರೀ, “ಎಲ್ಲಿ ನಮ್ಮ ಮಹದೇವಣ್ಣ?” ಎಂದು ಸುತ್ತ ನೋಡಿದಳು.

ಮಂಗಳಮ್ಮ ಎದ್ದು ನಿಂತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

“ಸುದ್ದಿ ಬರೀತಿದ್ದೋಳು ನಾನು, ಮಂಗಳಮ್ಮ. ಹೆಸರು ಮಾತ್ರ ನಮ್ಮ ಯಜಮಾನ್ರದು. ಅವ್ರು ತೀರ್ಕೊಂಡು ನಾಕು ವರ್ಸ ಆಯ್ತು.” ಫೋಟೋದ ಕಡೆ ತಿರುಗಿದರು. ಈ ಸಲ ಬಿಲ್ಲು ಹುಡುಕಲಿಲ್ಲ. “ಮಹದೇವು,” ಎಂದರು.

ಆಕೆ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಏನಾದರೂ ಹೇಳಬೇಕೆಂದು ನಾನು ಎದ್ದು ನಿಂತೆ. ಬಾಯಿಗೆ ಬಂದದ್ದು ಅಭ್ಯಾಸಬಲದ ಸಾಲೇ.

“ಬಾರಯ್ಯಾ ಮಹದೇವು, ಇವತ್ತೇನು ಸುದ್ದಿ?”

ಹೇಮಶ್ರೀ ಮೂಟೆಯ ಮೇಲೆ ಜಾಗ ಮಾಡಿ, ಮಂಗಳಮ್ಮನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. “ಹೇಳಿ ಅಕ್ಕಾ, ಕೇಳ್ತಿದಾರಲ್ಲ,” ಎಂದಳು.

ಮಂಗಳಮ್ಮ ಕಣ್ಣೊರೆಸಿಕೊಂಡು ಮೀಟರ್ ಬೋರ್ಡಿನ ಕಡೆ ಕೈ ತೋರಿಸಿದರು.

“ಬೆಳಿಗ್ಗೆ ಮರಿ ಹಾರ್ಹೋದ್ವು ಸಾರ್. ಗೂಡು ಮಾತ್ರ ತೆಗೆಯಕಿಲ್ಲ, ಅಂಗೇ ಇರ್ಲಿ.”